32ರ ಮನೆಯೋ, 25ರ ಮನೆಯೋ: ಮಧ್ಯಮ ಗಾತ್ರದ ಊರಿನಲ್ಲಿ ಬಾಡಿಗೆ ಮನೆ ಹಿಡಿಯುವ ಲೆಕ್ಕ

ಹೊಸಿಲು (ಪ್ರಶ್ನೆ ಕೇಳಿದವರು; ಮುಂದಿನ ತಲೆಬರಹಗಳೂ ಬರೆದವರ ಅಡ್ಡಹೆಸರುಗಳೇ)

ಎಲ್ಲರಿಗೂ ನಮಸ್ಕಾರ. ಇನ್ನು ಆರು ವಾರದಲ್ಲಿ ಕೆಲಸದ ಮೇಲೆ ಒಂದು ಮಧ್ಯಮ ಗಾತ್ರದ ಊರಿಗೆ ಹೋಗಬೇಕಿದೆ. ಇಬ್ಬರ ಸಂಸಾರ, ಸಂಬಳ ಒಂದೇ. ಲೆಕ್ಕ ಸುಲಭವಾಗಲಿ ಅಂತ ಕೈಗೆ ಬರುವ ತಿಂಗಳ ಸಂಬಳವನ್ನು 100 ಪಾಲು ಎಂದಿಟ್ಟುಕೊಂಡು ಉಳಿದದ್ದೆಲ್ಲ ಅದೇ ಅಳತೆಯಲ್ಲಿ ಬರೆಯುತ್ತೇನೆ. ಉಳಿತಾಯ 250 ಪಾಲು ಇದೆ. ಒಂದು ಸಾಲದ ಕಂತು ತಿಂಗಳಿಗೆ 14.

ಸದ್ಯ ಎರಡು ಅಪಾರ್ಟ್‌ಮೆಂಟ್ ಕಣ್ಣಿಗೆ ಬಿದ್ದಿವೆ.

ಮೊದಲನೆಯದು: ಬಾಡಿಗೆ 32, ಅಡ್ವಾನ್ಸ್ 3 ತಿಂಗಳದ್ದು, ಮೆಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆ, ವರ್ಷಕ್ಕೆ ಶೇ 5 ಏರಿಕೆ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೊಡಬೇಕು. ಆಫೀಸಿಗೆ 2 ಕಿ.ಮೀ.

ಎರಡನೆಯದು: ಬಾಡಿಗೆ 25, ಅಡ್ವಾನ್ಸ್ 8 ತಿಂಗಳದ್ದು, ಮೆಂಟೆನೆನ್ಸ್ ಬೇರೆ 3, ವರ್ಷಕ್ಕೆ ಶೇ 10 ಏರಿಕೆ. ಬ್ರೋಕರ್ ಇಲ್ಲ. ಮೇಲಿನ ಮಹಡಿ, ಆಫೀಸಿಗೆ 9 ಕಿ.ಮೀ.

ಬಾಡಿಗೆ ಸಂಬಳದ ಶೇ 30 ದಾಟಬಾರದು ಅನ್ನುತ್ತಾರಲ್ಲ, ಆ ಪ್ರಕಾರ ಎರಡನೆಯದೇ ಸರಿ ಅನ್ನಿಸುತ್ತಿದೆ. ಕನಿಷ್ಠ ಎರಡು ವರ್ಷ ಇರುವ ಅಂದಾಜು. ಲೆಕ್ಕ ಎಲ್ಲಿ ತಪ್ಪುತ್ತಿದೆ, ಮನೆ ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು, ಅಗ್ರಿಮೆಂಟಿನಲ್ಲಿ ಯಾವುದಕ್ಕೆ ಪಟ್ಟು ಹಿಡಿಯಬೇಕು, ತಿಳಿದವರು ಹೇಳಿ.

ಕಡತ

ಬೋರ್ಡಿನ ಮೇಲೆ ಬರೆದ ಬಾಡಿಗೆಯನ್ನು ಬೋರ್ಡಿನಲ್ಲೇ ಬಿಟ್ಟುಬಿಡಿ. ನೀವು ಅಲ್ಲಿ ಇರುವಷ್ಟು ತಿಂಗಳಿಗೆ ಆ ಮನೆ ಒಟ್ಟು ಎಷ್ಟು ತಿನ್ನುತ್ತದೆ ಎಂದು ಕೂಡಿಸಿ, ತಿಂಗಳಿಗೆ ಭಾಗಿಸಬೇಕು. ನಿಮ್ಮ ಅಂಕಿಗಳಲ್ಲೇ ಮಾಡೋಣ.

ಮೊದಲು ಅಡ್ವಾನ್ಸ್. ಅದು ವಾಪಸು ಬರುವ ಹಣ ನಿಜ, ಆದರೆ ಅಷ್ಟು ದಿನ ನಿಮ್ಮ ಕೈಯಲ್ಲಿರುವುದಿಲ್ಲ. ಅಡ್ವಾನ್ಸ್ ಎಷ್ಟು ತಿಂಗಳದ್ದು ಎಂಬುದನ್ನು ವಾರ್ಷಿಕ ಬಡ್ಡಿಯ ಶೇಕಡಾವಾರಿನಿಂದ ಗುಣಿಸಿ 12ರಿಂದ ಭಾಗಿಸಿ. ಬಂದ ಅಂಕಿ ಬಾಡಿಗೆಯಲ್ಲಿ ಅಡಗಿರುವ ಶೇಕಡಾವಾರು. ಬಡ್ಡಿ ಶೇ 6 ಎಂದರೆ ಮೊದಲ ಮನೆಗೆ 3×6÷12, ಅಂದರೆ ಶೇ 1.5, ತಿಂಗಳಿಗೆ ಸುಮಾರು 0.5 ಪಾಲು. ಎರಡನೆಯದಕ್ಕೆ 8×6÷12, ಶೇ 4, ತಿಂಗಳಿಗೆ 1 ಪಾಲು. ಅದೇ ಅಡ್ವಾನ್ಸನ್ನು ಸಾಲ ಮಾಡಿ ಕೊಟ್ಟರೆ ಶೇ 6ರ ಜಾಗದಲ್ಲಿ ಸಾಲದ ಬಡ್ಡಿ ಹಾಕಬೇಕು. ಶೇ 15ರ ಸಾಲವಾದರೆ ಎರಡನೇ ಮನೆಯ ಬಾಡಿಗೆ ಶೇ 10ರಷ್ಟು ಹೆಚ್ಚಾದಂತೆಯೇ.

ಈಗ ಎರಡು ವರ್ಷದ ಲೆಕ್ಕ. ಮೊದಲ ಮನೆ: ಮೊದಲ ವರ್ಷ 32, ಎರಡನೇ ವರ್ಷ 33.6, ಸರಾಸರಿ 32.8. ಬ್ರೋಕರ್ ಹಣ 32ನ್ನು 24 ತಿಂಗಳಿಗೆ ಹಂಚಿದರೆ 1.3. ಅಡ್ವಾನ್ಸಿನ ಬಡ್ಡಿ 0.5. ಓಡಾಟಕ್ಕೆ, ಹೆಚ್ಚಿನ ದಿನ ನಡೆದೇ ಹೋಗುತ್ತೀರಿ ಎಂದುಕೊಂಡರೆ, 1. ಒಟ್ಟು 35.6.

ಎರಡನೇ ಮನೆ: 25 ಮತ್ತು 27.5, ಸರಾಸರಿ 26.25. ಮೆಂಟೆನೆನ್ಸ್ 3. ಅಡ್ವಾನ್ಸಿನ ಬಡ್ಡಿ 1. ದಿನಕ್ಕೆ 18 ಕಿ.ಮೀ., ತಿಂಗಳಿಗೆ 22 ದಿನ, ಅಂದರೆ 396 ಕಿ.ಮೀ. ಓಡಾಟ. ಅದಕ್ಕೆ 5 ಎಂದು ಹಿಡಿದಿದ್ದೇನೆ, ನಿಮ್ಮ ವಾಹನ ಅಥವಾ ಬಸ್ಸಿನ ಖರ್ಚು ನೋಡಿ ತಿದ್ದಿಕೊಳ್ಳಿ. ಒಟ್ಟು 35.25.

ಬೋರ್ಡಿನ ಮೇಲೆ 7 ಪಾಲಿನ ವ್ಯತ್ಯಾಸ ಕಂಡದ್ದು ಅರ್ಧ ಪಾಲಿಗಿಂತ ಕಡಿಮೆಗೆ ಇಳಿಯಿತು. ಒಂದೇ ವರ್ಷ ಇದ್ದು ಬಿಡುವುದಾದರೆ ಎರಡನೆಯದು ಸುಮಾರು 2 ಪಾಲು ಅಗ್ಗ, ಏಕೆಂದರೆ ಬ್ರೋಕರ್ ಹಣ 12 ತಿಂಗಳಿಗೇ ಹಂಚಿಹೋಗುತ್ತದೆ. ಮೂರು ವರ್ಷ ಇದ್ದರೆ ಮೊದಲನೆಯದೇ ಅರ್ಧ ಪಾಲು ಅಗ್ಗ, ಏಕೆಂದರೆ ಶೇ 10ರ ಏರಿಕೆ ಅಷ್ಟರಲ್ಲಿ 25ನ್ನು 30.25ಕ್ಕೆ ತಂದು ನಿಲ್ಲಿಸಿರುತ್ತದೆ. ಸಂಬಳ ವರ್ಷಕ್ಕೆ ಶೇ 10 ಏರುವ ಭರವಸೆ ಇಲ್ಲದವರು ಬಾಡಿಗೆಗೆ ಆ ಏರಿಕೆ ಒಪ್ಪಿಕೊಳ್ಳಬಾರದು.

ನನ್ನ ಮಟ್ಟಿಗೆ ಇದನ್ನೆಲ್ಲ ಮೀರಿಸುವ ಸಂಗತಿ ಇನ್ನೊಂದಿದೆ: ಮನೆ ಸೇರುವ ದಿನ ಕೈಬಿಡುವ ಹಣ. ಸಾಮಾನು ಸಾಗಿಸಲು 12 ಎಂದಿಟ್ಟುಕೊಳ್ಳಿ. ಮೊದಲ ಮನೆಗೆ 96+32+32+12, ಒಟ್ಟು 172. ಉಳಿತಾಯದಲ್ಲಿ 78 ಉಳಿಯಿತು. ಎರಡನೆಯದಕ್ಕೆ 200+25+3+12, ಒಟ್ಟು 240. ಉಳಿದದ್ದು 10. ಹೊಸ ಕೆಲಸದ ಮೊದಲ ಸಂಬಳ ಕೈಗೆ ಬರುವುದು ತಿಂಗಳು ಮುಗಿದ ಮೇಲೆ. ಅಷ್ಟರಲ್ಲಿ ಸಾಲದ ಕಂತು 14 ಬರುತ್ತದೆ, ಊಟ, ಓಡಾಟ, ಗ್ಯಾಸ್, ಬಕೆಟ್ಟು, ಪರದೆ, ಬಲ್ಬು ಎಲ್ಲ ಬರುತ್ತವೆ. 10 ಪಾಲಿನಲ್ಲಿ ಆಗದ ಮಾತು. ಕ್ರೆಡಿಟ್ ಕಾರ್ಡಿಗೆ ಕೈಹಾಕಿದರೆ ಅಗ್ಗದ ಮನೆ ದುಬಾರಿಯಾಗುವುದು ಅಲ್ಲಿಂದಲೇ. ಹಾಗಾಗಿ ಈಗಿರುವ ಷರತ್ತಿನಲ್ಲಿ ಎರಡನೇ ಮನೆ ಬೇಡ. ಅಡ್ವಾನ್ಸ್ 5 ತಿಂಗಳಿಗೆ, ಅಂದರೆ 125ಕ್ಕೆ ಇಳಿಸಿದರೆ ಮಾತ್ರ ಮತ್ತೆ ಯೋಚಿಸಿ.

ಶೇ 30ರ ಬಗ್ಗೆ: ಅದು ಎಲ್ಲ ಸಂಸಾರಗಳನ್ನೂ ಅಳೆದು ತೂಗಿ ಮಾಡಿದ ಸೂತ್ರವಲ್ಲ. ಅಮೆರಿಕದಲ್ಲಿ ಸರ್ಕಾರಿ ವಸತಿಯ ಬಡ ಬಾಡಿಗೆದಾರರಿಂದ ಆದಾಯದ ಎಷ್ಟು ಪಾಲು ವಸೂಲು ಮಾಡಬಹುದು ಎಂಬುದಕ್ಕೆ 1969ರಲ್ಲಿ ಶೇ 25ರ ಮಿತಿ ಹಾಕಿದರು, 1981ರಲ್ಲಿ ಅದನ್ನು ಶೇ 30ಕ್ಕೆ ಏರಿಸಿದರು. ಅದೇ ಅಂಕಿ ಜಗತ್ತಿಗೆಲ್ಲ ಹರಡಿತು. ಮನೆ ಮತ್ತು ಓಡಾಟ ಎರಡೂ ಸೇರಿ ಶೇ 45ರೊಳಗೆ ಇರಬೇಕು ಎಂಬ ಇನ್ನೊಂದು ಅಳತೆಯೂ ಚಾಲ್ತಿಯಲ್ಲಿದೆ. ನಿಮ್ಮಂಥ ಪ್ರಶ್ನೆಗೆ ಅದು ಹೆಚ್ಚು ಹೊಂದುತ್ತದೆ. ವಿದ್ಯುತ್, ನೀರು, ಇಂಟರ್‌ನೆಟ್ಟಿಗೆ 6 ಸೇರಿಸಿದರೂ ಎರಡೂ ಮನೆಗಳು 42ರ ಆಸುಪಾಸಿನಲ್ಲಿವೆ. ಅದರ ಮೇಲೆ ಕಂತು 14. ಉಳಿಯುವುದು 44. ಇಬ್ಬರ ಊಟ, ಔಷಧಿ, ಬಟ್ಟೆ, ಮನೆಯವರಿಗೆ ಕಳಿಸುವುದು, ಉಳಿತಾಯ ಇಷ್ಟೂ ಆ 44ರಲ್ಲಿ ಆಗುತ್ತದೆಯೇ ಎಂದು ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ನೋಡಿ. ಆಗುವುದಿಲ್ಲ ಎಂದಾದರೆ ಶೇಕಡಾವಾರು ಎಷ್ಟಿದ್ದರೇನು, ಎರಡೂ ಮನೆ ನಿಮಗೆ ದುಬಾರಿಯೇ.

ಟು-ಲೆಟ್ ಬೋರ್ಡು

ಮೇಲಿನ ಲೆಕ್ಕವನ್ನು ನಾನೂ ಒಪ್ಪುತ್ತೇನೆ, ಆದರೆ ಎರಡರಲ್ಲಿ ಒಂದನ್ನು ಈಗಲೇ ಆರಿಸಬೇಡಿ. ಇನ್ನೂ ಆರು ವಾರವಿದೆ.

ಮಧ್ಯಮ ಗಾತ್ರದ ಊರಿನ ಬಾಡಿಗೆ ಮಾರುಕಟ್ಟೆಯ ಸ್ವಭಾವವೇ ಬೇರೆ. ಆ್ಯಪ್‌ಗಳಲ್ಲಿ ಕಾಣುವುದು ಊರಿನ ಖಾಲಿ ಮನೆಗಳಲ್ಲಿ ಒಂದು ಸಣ್ಣ ಭಾಗ ಮಾತ್ರ, ಅದೂ ಹೆಚ್ಚಾಗಿ ಹೊಸ ಕಟ್ಟಡಗಳು ಮತ್ತು ಬ್ರೋಕರ್‌ಗಳ ಕೈಯಲ್ಲಿರುವಂಥವು. ಉಳಿದವು ಗೇಟಿನ ಬೋರ್ಡು, ಕಾವಲುಗಾರರು, ಬಟ್ಟೆ ಇಸ್ತ್ರಿ ಮಾಡುವವರು, ಮೂಲೆಯ ಅಂಗಡಿಯವರು, ಆಫೀಸಿನ ಸಹೋದ್ಯೋಗಿಗಳ ಬಾಯಲ್ಲಿ ಓಡಾಡುತ್ತವೆ. ಆ್ಯಪ್ ನೋಡಿಯೇ ಊರಿನ ದರ ತೀರ್ಮಾನಿಸಿದರೆ ಹೆಚ್ಚಿಗೆ ಕೊಡುವ ಸಾಧ್ಯತೆ ಇದೆ.

ಮೊದಲ ಎರಡು ವಾರ ಮನೆಯಲ್ಲಿ ಕೂತೇ 20 ಜಾಹೀರಾತು ಒಂದು ಶೀಟಿಗೆ ಇಳಿಸಿ: ಬಡಾವಣೆ, ಬಾಡಿಗೆ, ಮೆಂಟೆನೆನ್ಸ್, ಅಡ್ವಾನ್ಸ್, ಒಳಗಿನ ಬಳಸುವ ವಿಸ್ತೀರ್ಣ, ಮಹಡಿ, ಜಾಹೀರಾತು ಬಂದ ದಿನಾಂಕ. ಬಾಡಿಗೆಯನ್ನು ವಿಸ್ತೀರ್ಣದಿಂದ ಭಾಗಿಸಿ. ವಿಸ್ತೀರ್ಣ ಎಂದರೆ ಗೋಡೆಯಿಂದ ಗೋಡೆಗೆ ಒಳಗಿನ ಅಳತೆ. ಮೆಟ್ಟಿಲು, ಕಾರಿಡಾರ್ ಸೇರಿಸಿ ಹೇಳಿದ್ದಲ್ಲ. ಹೀಗೆ ಮಾಡಿದಾಗ ಒಂದೇ ಬಡಾವಣೆಯೊಳಗೆ ಯಾವ ಮನೆಯ ದರ ದಾರಿ ತಪ್ಪಿದೆ ಎಂಬುದು ತಾನಾಗಿ ಕಾಣುತ್ತದೆ. ಒಂದೇ ಮನೆ ಮೂರು ಜಾಹೀರಾತಿನಲ್ಲಿ ಮೂರು ಬಾಡಿಗೆಗೆ ಇದ್ದರೆ ಅದು ಬ್ರೋಕರ್‌ಗಳ ಕೈಯಲ್ಲಿದೆ ಎಂದರ್ಥ. ಕಡಿಮೆ ಹೇಳಿದವರೊಡನೆ ಮಾತು ಶುರುಮಾಡಿ.

ಮೂರನೇ ವಾರ ಊರಿಗೆ ಹೋಗಿ ಎರಡು ದಿನ ನಡೆದಾಡಿ. ಆಫೀಸಿನಿಂದ 4–5 ಕಿ.ಮೀ. ದೂರದ ಸುತ್ತನ್ನು ಮೊದಲು ನೋಡಿ. ಕೇಂದ್ರದ ದರವೂ ಅಲ್ಲ, ಅಂಚಿನ ಓಡಾಟವೂ ಅಲ್ಲ. ಇಂಥ ಊರಿನಲ್ಲಿ ಅಷ್ಟು ದೂರ ಬಸ್ಸಿನಲ್ಲಿ 15–20 ನಿಮಿಷದ ದಾರಿ. ಬಸ್ಸನ್ನೇ ನಂಬುವವರು ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲೇಬೇಕು. ದೊಡ್ಡ ನಗರದ ಹಾಗೆ ತಡರಾತ್ರಿವರೆಗೆ ಬಸ್ಸು ಇರುವುದಿಲ್ಲ, ಭಾನುವಾರ ಇನ್ನೂ ಕಡಿಮೆ. ಊರಿನಲ್ಲಿ ಕಾಲೇಜು ಇದ್ದರೆ ತರಗತಿ ಶುರುವಾಗುವ ಮುಂಚಿನ ಒಂದೂವರೆ ತಿಂಗಳು ಕಾಲೇಜಿನ ಸುತ್ತಲ ಸಣ್ಣ ಮನೆಗಳ ದರ ಏರುತ್ತದೆ. ಆ ಸಮಯವಾದರೆ ಆ ಭಾಗ ಬಿಟ್ಟು ಹುಡುಕಿ.

ಬಾಡಿಗೆ ಇಳಿಸಲು ಕೇಳುವವರು "ಸ್ವಲ್ಪ ಕಡಿಮೆ ಮಾಡಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಓನರ್ ಕಡೆಯ ಲೆಕ್ಕ ತಿಳಿದು ಕೇಳಿ. ಮನೆ ಒಂದು ತಿಂಗಳು ಖಾಲಿ ಇದ್ದರೆ ಅವರಿಗೆ ವರ್ಷದ ಆದಾಯದಲ್ಲಿ ಶೇ 8.3 ಹೋಯಿತು. ಮೊದಲ ಮನೆಯನ್ನೇ ತೆಗೆದುಕೊಳ್ಳಿ: ಖಾಲಿ ತಿಂಗಳಿಗೆ 32 ನಷ್ಟ. ಬಾಡಿಗೆ 30ಕ್ಕೆ ಇಳಿಸಿದರೆ ವರ್ಷಕ್ಕೆ 24 ಮಾತ್ರ ಕಡಿಮೆ. ಆದ್ದರಿಂದ ಮನೆ ಎಷ್ಟು ದಿನದಿಂದ ಖಾಲಿ ಇದೆ ಎಂಬುದು ನಿಮಗೆ ಬೇಕಾದ ಮುಖ್ಯ ಮಾಹಿತಿ. ಓನರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಬಾಗಿಲ ಸಂದಿಯಲ್ಲಿ ಸಿಕ್ಕಿಸಿದ ಕರಪತ್ರ, ಟ್ಯಾಂಕಿನ ನೀರು ಬಿಟ್ಟಾಗ ಮೊದಲು ಬರುವ ಕಂದು ಬಣ್ಣ, ಸಿಂಕಿನ ವಾಸನೆ ಇವೂ ಹೇಳುತ್ತವೆ. ಒಂದು ತಿಂಗಳು ದಾಟಿದ್ದರೆ ಶೇ 5–8 ಇಳಿಸಲು ಕೇಳುವುದು ನ್ಯಾಯವಾದ ಮಾತೇ.

ಬಾಡಿಗೆ ಇಳಿಸಲು ಒಪ್ಪದವರು ಬೇರೆ ಕಡೆ ಸಡಿಲವಾಗುತ್ತಾರೆ. ಅಡ್ವಾನ್ಸ್ ಎರಡು ಕಂತಿನಲ್ಲಿ, ಏರಿಕೆ ಶೇ 10ರ ಬದಲು 5, ಮೊದಲ ಹತ್ತು ದಿನದ ಬಾಡಿಗೆ ಮಾಫಿ, ಸೊಳ್ಳೆ ಪರದೆ, ಗೀಸರ್. ಬದಲಿಗೆ ನೀವು ಕೊಡಬಹುದಾದದ್ದು: ಎರಡು ವರ್ಷ ಇರುತ್ತೇವೆ ಎಂಬ ಲಿಖಿತ ಮಾತು, ಪ್ರತಿ ತಿಂಗಳು ನಿಗದಿತ ದಿನ ಬ್ಯಾಂಕಿನಿಂದ ತಾನಾಗಿ ಹೋಗುವ ಬಾಡಿಗೆ. ಅನೇಕ ಓನರ್‌ಗಳಿಗೆ ಹೆಚ್ಚು ಬಾಡಿಗೆಗಿಂತ ತಪ್ಪದೆ ಬರುವ ಬಾಡಿಗೆ ಮುಖ್ಯ.

ನಲ್ಲಿ ಮತ್ತು ಗೋಡೆ

ಮನೆ ನೋಡಲು ಹೋದಾಗಿನ ಪರೀಕ್ಷೆ ಬಗ್ಗೆ ಬರೆಯುತ್ತೇನೆ. ಹೆಚ್ಚಿನವರು ಹತ್ತು ನಿಮಿಷದಲ್ಲಿ ರೂಮು ಎಣಿಸಿ ಹೊರಬರುತ್ತಾರೆ. ಕನಿಷ್ಠ 40 ನಿಮಿಷ ಬೇಕು, ಎರಡು ಸಲ ಹೋಗಬೇಕು: ಒಮ್ಮೆ ಬೆಳಗ್ಗೆ 7ರಿಂದ 8ರೊಳಗೆ, ಇನ್ನೊಮ್ಮೆ ರಾತ್ರಿ 8ರ ನಂತರ. ಒಯ್ಯಬೇಕಾದ್ದು ಟೇಪು, ಫೋನು, ಚಾರ್ಜರ್, ಒಂದು ಟಾರ್ಚು. ಬಕೆಟ್ಟು ಅಲ್ಲೇ ಸಿಗುತ್ತದೆ.

ನೀರಿನಿಂದ ಶುರುಮಾಡಿ, ಏಕೆಂದರೆ ಸೇರಿದ ಮೇಲೆ ಸರಿಪಡಿಸಲು ಸಾಧ್ಯವಾಗದ್ದು ಅದೇ. ಬೆಳಗ್ಗೆ, ಅಂದರೆ ಕಟ್ಟಡದ ಎಲ್ಲರೂ ನೀರು ಬಳಸುವ ಹೊತ್ತಿಗೆ, ಬಚ್ಚಲಿನ ನಲ್ಲಿ ಪೂರ್ತಿ ತಿರುಗಿಸಿ 10 ಲೀಟರ್ ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಎಂದು ನೋಡಿ. ಒಂದು ನಿಮಿಷದೊಳಗೆ ತುಂಬಿದರೆ ಚೆನ್ನಾಗಿದೆ. ಎರಡು ನಿಮಿಷ ಹಿಡಿದರೆ ಶವರಿನ ಆಸೆ ಬಿಡಿ. ಆಮೇಲೆ ಅಡುಗೆಮನೆ ನಲ್ಲಿಯನ್ನೂ ತೆರೆದು, ಫ್ಲಶ್ ಮಾಡಿ, ಬಚ್ಚಲಿನ ಧಾರೆ ಎಷ್ಟು ಸಣ್ಣಗಾಯಿತು ನೋಡಿ. ಎರಡನೇ ಮನೆ ಮೇಲಿನ ಮಹಡಿ ಎಂದಿರಿ. ನೀರಿನ ಒತ್ತಡ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಟ್ಯಾಂಕಿನ ತಳ ನಿಮ್ಮ ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಅಷ್ಟೆ. ಟ್ಯಾಂಕಿಗೆ ಹತ್ತಿರವಾದಷ್ಟೂ ಧಾರೆ ಸಣ್ಣ ಎಂಬುದು ಇದರಿಂದಲೇ. ಇಷ್ಟು ಕಡಿಮೆ ಒತ್ತಡಕ್ಕೆ ಕೆಲವು ಇನ್‌ಸ್ಟಂಟ್ ಗೀಸರ್‌ಗಳು ಹೊತ್ತಿಕೊಳ್ಳುವುದೇ ಇಲ್ಲ. ಒತ್ತಡ ಹೆಚ್ಚಿಸುವ ಪಂಪು ಹಾಕಿದೆಯೇ ಎಂದು ಕೇಳಿ.

ಎಷ್ಟು ನೀರು ಎಂಬುದು ಇನ್ನೊಂದು ಪ್ರಶ್ನೆ. ಟ್ಯಾಂಕಿನ ಲೀಟರ್, ದಿನಕ್ಕೆ ಎಷ್ಟು ಸಲ ತುಂಬಿಸುತ್ತಾರೆ, ಎಷ್ಟು ಜನ ಬಳಸುತ್ತಾರೆ ಕೇಳಿ ಭಾಗಿಸಿ. 1000 ಲೀಟರ್ ಟ್ಯಾಂಕು, ದಿನಕ್ಕೊಮ್ಮೆ, 12 ಜನ ಎಂದರೆ ತಲೆಗೆ 83 ಲೀಟರ್. ಸ್ನಾನ, ಶೌಚ, ಪಾತ್ರೆ, ಬಟ್ಟೆ ಎಲ್ಲಕ್ಕೂ ಸೇರಿ ತಲೆಗೆ 100ರಿಂದ 150 ಲೀಟರ್ ಬೇಕಾಗುತ್ತದೆ.

ಬಚ್ಚಲಿನಲ್ಲಿ ಗಬ್ಬು ವಾಸನೆ ಬಂದರೆ ತಕ್ಷಣ ಮನೆ ಬೇಡ ಎನ್ನಬೇಡಿ. ನೀರು ಹೋಗುವ ಜಾಲರಿಯ ಕೆಳಗೆ ಟ್ರ್ಯಾಪ್ ಇರುತ್ತದೆ. ಅದರ ಬಾಗಿನಲ್ಲಿ ನಿಂತ ಸುಮಾರು 50 ಮಿ.ಮೀ. ನೀರೇ ಒಳಚರಂಡಿಯ ಗಾಳಿಯನ್ನು ತಡೆಯುವ ಬಾಗಿಲು. ಮನೆ ವಾರಗಟ್ಟಲೆ ಖಾಲಿ ಇದ್ದರೆ ಆ ನೀರು ಆರಿ ವಾಸನೆ ನೇರ ಮೇಲೆ ಬರುತ್ತದೆ. ಎರಡು ಚೊಂಬು ನೀರು ಸುರಿದು, ಕಿಟಕಿ ತೆರೆದಿಟ್ಟು, ಬೇರೆ ರೂಮು ನೋಡಿ ಕಾಲು ಗಂಟೆ ಬಿಟ್ಟು ಬನ್ನಿ. ವಾಸನೆ ಹೋಗಿದ್ದರೆ ತೊಂದರೆಯಿಲ್ಲ. ಹಾಗೇ ಇದ್ದರೆ ಟ್ರ್ಯಾಪ್ ಇಲ್ಲ ಅಥವಾ ಎಲ್ಲೋ ಒಡೆದಿದೆ. ಜಿರಲೆಗಳೂ ಅದೇ ದಾರಿಯಲ್ಲಿ ಬರುತ್ತವೆ.

ಗೋಡೆಯ ತೇವ ಕಣ್ಣಿಗಿಂತ ಕೈಗೆ ಬೇಗ ತಿಳಿಯುತ್ತದೆ. ಹಿಂಗೈಯನ್ನು ಗೋಡೆಗೆ ಒತ್ತಿ. ಒಂದು ಜಾಗ ಉಳಿದದ್ದಕ್ಕಿಂತ ತಣ್ಣಗಿದ್ದರೆ ಅಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯನ್ನು ಬಿಟ್ಟಿದೆ. ನೆಲದಿಂದ ಸುಮಾರು ಒಂದು ಮೀಟರ್‌ವರೆಗೆ ಮಾತ್ರ ಕಲೆಯಿದ್ದರೆ ತೇವ ತಳಪಾಯದಿಂದ ಏರುತ್ತಿದೆ. ಮೇಲೆ, ಚಾವಣಿಯ ಹತ್ತಿರ ಇದ್ದರೆ ತಾರಸಿ ಅಥವಾ ಮೇಲಿನವರ ಬಚ್ಚಲು ಸೋರುತ್ತಿದೆ. ಬಿಳಿ ಪುಡಿ ಉದುರಿದರೆ ಅದು ನೀರು ಹೊತ್ತು ತಂದ ಉಪ್ಪು. ಅದರ ಮೇಲೆ ಎಷ್ಟು ಬಣ್ಣ ಬಳಿದರೂ ಕೆಲವೇ ತಿಂಗಳಲ್ಲಿ ಗುಳ್ಳೆ ಎದ್ದು ಉದುರುತ್ತದೆ. ಇಡೀ ಮನೆ ಹಳೆ ಬಣ್ಣದಲ್ಲಿದ್ದು ಒಂದೇ ಗೋಡೆಗೆ ಹೊಸದಾಗಿ ಬಳಿದಿದ್ದರೆ ಆ ಗೋಡೆಯ ಆಚೆ ಬದಿ ಏನಿದೆ ನೋಡಿ. ಮುಚ್ಚಿಟ್ಟ ಕಪಾಟಿನ ಬಾಗಿಲು ತೆರೆದು ಮೂಗು ಹಾಕಿ. ಬೂಷ್ಟಿನ ವಾಸನೆ ಅಲ್ಲಿ ಅಡಗಿರುತ್ತದೆ.

ವಿದ್ಯುತ್ತಿಗೆ ಮೂರು ಪರೀಕ್ಷೆ. ಒಂದು, ಮನೆಯೊಳಗಿನ ಎಲ್ಲ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮೀಟರಿನ ಕೆಂಪು ದೀಪ ನೋಡಿ. ಐದು ನಿಮಿಷದಲ್ಲಿ ಮತ್ತೆ ಮತ್ತೆ ಮಿನುಗಿದರೆ ಮೆಟ್ಟಿಲ ದೀಪವೋ ಪಂಪೋ ನಿಮ್ಮ ಮೀಟರಿಗೆ ಸೇರಿದೆ, ಅಥವಾ ವೈರಿಂಗಿನಲ್ಲಿ ಸೋರಿಕೆ ಇದೆ. ಎರಡು, ಬೋರ್ಡಿನಲ್ಲಿ ಟೆಸ್ಟ್ ಎಂಬ ಗುಂಡಿಯಿರುವ ಸ್ವಿಚ್ ಇದೆಯೇ, ಒತ್ತಿದ ಕೂಡಲೇ ಬೀಳುತ್ತದೆಯೇ ನೋಡಿ. ಶಾಕ್‌ನಿಂದ ಜೀವ ಉಳಿಸುವುದು ಅದು. ಒತ್ತುವ ಮೊದಲು ಓನರಿಗೆ ಹೇಳಿ. ಮೂರು, ಗೀಸರ್ 2 ಕಿಲೋವ್ಯಾಟ್, ಇಂಡಕ್ಷನ್ ಒಲೆ 2, ಇಸ್ತ್ರಿ 1, ಒಟ್ಟು 5. 230 ವೋಲ್ಟಿನಲ್ಲಿ ಅದು ಸುಮಾರು 22 ಆಂಪಿಯರ್. ಮೇನ್ ಎಂಸಿಬಿ (ಮಿತಿ ಮೀರಿದರೆ ತಾನಾಗಿ ಬೀಳುವ ಮುಖ್ಯ ಸ್ವಿಚ್) 16 ಆಂಪಿಯರಿನದಾದರೆ ಬೆಳಗಿನ ಹೊತ್ತು ಮೂರನ್ನೂ ಒಟ್ಟಿಗೆ ಹಾಕಿದಾಗ ಬೀಳಬಹುದು. ಪ್ರತಿ ಪ್ಲಗ್ಗಿಗೂ ಚಾರ್ಜರ್ ಚುಚ್ಚಿ ನೋಡಿಬಿಡಿ, ಐದು ನಿಮಿಷದ ಕೆಲಸ.

ಮೇಲಿನ ಮಹಡಿಯನ್ನು ಮಧ್ಯಾಹ್ನ ನೋಡಿದರೆ ಮೋಸ ಹೋಗುತ್ತೀರಿ. ಕಾಂಕ್ರೀಟ್ ಚಾವಣಿ ಬಿಸಿಲನ್ನು ಹೀರಿ ಒಳಗೆ ಬಿಡಲು ಮೂರ್ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ರಾತ್ರಿ 8ಕ್ಕೆ ಹೋಗಿ ಮಲಗುವ ಕೋಣೆಯ ನಡುವೆ ಎರಡು ನಿಮಿಷ ನಿಂತು, ಪಶ್ಚಿಮದ ಗೋಡೆ ಮುಟ್ಟಿ. ಬಿಸಿ ತಟ್ಟಿದರೆ ಬೇಸಿಗೆಯಲ್ಲಿ ಫ್ಯಾನು ಸಾಲದು. ಅದರ ವಿದ್ಯುತ್ ಖರ್ಚನ್ನೂ ಮೇಲಿನ 35.25ಕ್ಕೆ ಸೇರಿಸಬೇಕು. ಅದೇ ಹೊತ್ತಿಗೆ ಬಾಗಿಲು ಮುಚ್ಚಿ ಒಂದು ಫೋನ್ ಕರೆ ಮಾಡಿ, ಸಿಗ್ನಲ್ ಗೊತ್ತಾಗುತ್ತದೆ. ಬೀದಿಯ ಗದ್ದಲವೂ.

ಮೂವರ ಮನೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮೂವರು ಸೇರಿ ಮನೆ ಹಿಡಿದಾಗ ರೂಮು ಬೇರೆ ಬೇರೆ ಗಾತ್ರದ್ದಾದರೆ ಬಾಡಿಗೆ ಹೇಗೆ ಹಂಚಬೇಕು? ಸಮಪಾಲು ಎಂದರೆ ಸಣ್ಣ ರೂಮಿನವರಿಗೆ ಬೇಸರ.

ಕಡತ

ಅರ್ಧ ಬಾಡಿಗೆ ಎಲ್ಲರೂ ಬಳಸುವ ಜಾಗಕ್ಕೆ ಎಂದು ಸಮವಾಗಿ ಹಂಚಿ. ಉಳಿದರ್ಧ ರೂಮಿನ ವಿಸ್ತೀರ್ಣದ ಪ್ರಕಾರ. ಬಾಡಿಗೆ 100, ರೂಮುಗಳು 14, 10, 8 ಚದರ ಮೀಟರ್ ಎಂದರೆ ಕ್ರಮವಾಗಿ 38.5, 32.3, 29.2 ಬರುತ್ತದೆ. ಸ್ವಂತ ಬಚ್ಚಲು ಇರುವ ರೂಮಾದರೆ ಬಚ್ಚಲ ವಿಸ್ತೀರ್ಣವನ್ನೂ ಅದಕ್ಕೇ ಸೇರಿಸಿ. ಇದಕ್ಕಿಂತ ಮುಖ್ಯವಾದದ್ದು ಅಗ್ರಿಮೆಂಟಿನಲ್ಲಿ "ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ" ಎಂಬ ಮಾತಿದೆಯೇ ಎಂಬುದು. ಇದ್ದರೆ ಒಬ್ಬರು ಬಿಟ್ಟುಹೋದಾಗ ಅವರ ಪಾಲನ್ನೂ ಉಳಿದವರಿಂದ ಕೇಳಲು ಓನರಿಗೆ ಹಕ್ಕಿದೆ. ಬಿಡುವವರು ಒಂದು ತಿಂಗಳು ಮುಂಚೆ ಹೇಳಿ ಬದಲಿಯವರನ್ನು ತರಬೇಕು ಎಂದು ನೀವು ಮೂವರೇ ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿಕೊಳ್ಳಿ.

ಹೊಸಿಲು

ಎಲ್ಲರಿಗೂ ತುಂಬ ಧನ್ಯವಾದ. ಎರಡನೇ ಮನೆಯ ಆಸೆ ಬಿಟ್ಟೆವು. ಹೇಳಿದ ಹಾಗೆ ನಡುವಿನ ಸುತ್ತಿನಲ್ಲಿ ಹುಡುಕಿದಾಗ ಮೂರನೆಯದೊಂದು ಸಿಕ್ಕಿದೆ: ಬಾಡಿಗೆ 27, ಮೆಂಟೆನೆನ್ಸ್ 2, ಅಡ್ವಾನ್ಸ್ 4 ತಿಂಗಳದ್ದು, ಏರಿಕೆ ಶೇ 5, ಬ್ರೋಕರ್ ಇಲ್ಲ, 5 ಕಿ.ಮೀ. ಓಡಾಟಕ್ಕೆ 3 ಹಿಡಿದು ಲೆಕ್ಕ ಹಾಕಿದರೆ 33.2 ಬರುತ್ತಿದೆ, ಸರಿಯೇ? ಅಗ್ರಿಮೆಂಟ್ ಬಗ್ಗೆ ಯಾರಾದರೂ ಹೇಳಿ.

ಕಡತ

ಸರಿ ಇದೆ. ಸೇರುವ ದಿನ 108+27+2+12, ಒಟ್ಟು 149. ಕೈಯಲ್ಲಿ 101 ಉಳಿಯುತ್ತದೆ. ಒಂದು ತಿಂಗಳ ಸಂಬಳದಷ್ಟು ಹಣ ಕೈಯಲ್ಲಿಟ್ಟುಕೊಂಡು ಹೊಸ ಊರು ಸೇರುವುದು ಒಳ್ಳೆಯದು.

ಕರಾರು

ಅಗ್ರಿಮೆಂಟಿನ ಕರಡನ್ನು ಸಹಿಯ ದಿನ ಅಲ್ಲ, ಮೂರು ದಿನ ಮುಂಚೆ ಕಳಿಸಲು ಹೇಳಿ. ಓದುವಾಗ ಗಮನ ಇಡಬೇಕಾದ ಜಾಗಗಳಿವು.

ಲಾಕ್-ಇನ್ ಅವಧಿ, ಅಂದರೆ ಮುಗಿಯುವ ಮೊದಲು ಮನೆ ಬಿಡುವಂತಿಲ್ಲ ಎಂಬ ಅವಧಿ. 12 ತಿಂಗಳ ಲಾಕ್-ಇನ್ ಇದ್ದು ನಾಲ್ಕನೇ ತಿಂಗಳಿಗೆ ಕೆಲಸ ಬದಲಾದರೆ ಉಳಿದ 8 ತಿಂಗಳ ಬಾಡಿಗೆಯನ್ನು ಕೇಳುವ ಒಕ್ಕಣೆ ಕೆಲವು ಕರಡುಗಳಲ್ಲಿ ಇರುತ್ತದೆ. ಲಾಕ್-ಇನ್ ಆರು ತಿಂಗಳಿಗೆ ಇಳಿಸಿ, ಇಲ್ಲವೇ "ಬದಲಿ ಬಾಡಿಗೆದಾರರು ಸಿಕ್ಕ ದಿನದಿಂದ ಹೊಣೆ ಮುಗಿಯುತ್ತದೆ" ಎಂದು ಸೇರಿಸಿ. ನೋಟಿಸ್ ಅವಧಿ ಇಬ್ಬರಿಗೂ ಒಂದೇ ಇರಲಿ. ನಿಮಗೆ ಎರಡು ತಿಂಗಳು, ಅವರಿಗೆ 15 ದಿನ ಎಂಬುದನ್ನು ಒಪ್ಪಬೇಡಿ.

ಏರಿಕೆ ಬಾಡಿಗೆಯ ಮೇಲೆ ಮಾತ್ರವೋ, ಮೆಂಟೆನೆನ್ಸ್ ಸೇರಿಯೋ, ಜೊತೆಗೆ ಅಡ್ವಾನ್ಸನ್ನೂ ಏರಿಸಬೇಕೋ ಎಂಬುದು ಅಕ್ಷರದಲ್ಲಿರಬೇಕು. ರಿಪೇರಿಯಲ್ಲಿ ಗೋಡೆಯೊಳಗಿನ ಪೈಪು, ವೈರಿಂಗ್, ಸೋರುವ ಚಾವಣಿ, ಮೋಟಾರು ಓನರಿನದು. ಬಲ್ಬು, ನಲ್ಲಿಯ ವಾಷರ್ ನಿಮ್ಮದು. ನಡುವೆ ಬರುವಂಥದ್ದಕ್ಕೆ ಇಷ್ಟು ಮೊತ್ತದವರೆಗೆ ಬಾಡಿಗೆದಾರರು, ಅದರ ಮೇಲೆ ಓನರ್ ಎಂದು ಒಂದು ಅಂಕಿ ಬರೆಸಿ. ಓನರ್ ಮನೆಯೊಳಗೆ ಬರುವುದಿದ್ದರೆ 24 ಗಂಟೆ ಮುಂಚೆ ತಿಳಿಸಬೇಕು. ಮನೆ ಮಾರಿದರೆ ಹೊಸ ಓನರಿಗೂ ಈ ಕರಾರು ಅನ್ವಯ, ಅಡ್ವಾನ್ಸ್ ಹೊಣೆಯೂ ಅವರಿಗೆ ಹೋಗುತ್ತದೆ ಎಂಬ ಸಾಲು ಬಹಳ ಕರಡುಗಳಲ್ಲಿ ಇರುವುದೇ ಇಲ್ಲ, ಕೇಳಿ ಸೇರಿಸಿ. ಬಾಡಿಗೆ ನಿಯಮಗಳು ಒಂದೊಂದು ಕಡೆ ಒಂದೊಂದು ರೀತಿ. ನೋಂದಣಿ, ಮುದ್ರಾಂಕ ಶುಲ್ಕ, ಅಡ್ವಾನ್ಸಿನ ಮಿತಿ ಇವನ್ನು ಆ ಊರಿನ ವಕೀಲರಲ್ಲಿ ಒಮ್ಮೆ ವಿಚಾರಿಸಿ.

ಜಗಳ ಹೆಚ್ಚಾಗಿ ಹುಟ್ಟುವುದು ಅಡ್ವಾನ್ಸ್ ವಾಪಸಿನಲ್ಲಿ, ಅದಕ್ಕೆ ಕಾರಣ ಸೇರಿದ ದಿನದ ದಾಖಲೆ ಇಲ್ಲದಿರುವುದು. ಸಾಮಾನು ಒಳಗೆ ತರುವ ಮೊದಲು, ಖಾಲಿ ಮನೆಯಲ್ಲಿ, ಬಾಗಿಲಿಂದ ಶುರುಮಾಡಿ ಒಂದೇ ಓಟದ ವಿಡಿಯೋ ತೆಗೆಯಿರಿ. ಪ್ರತಿ ಗೋಡೆ, ನೆಲದ ಬಿರುಕು, ಸಿಂಕಿನ ಅಡಿ, ಕಿಟಕಿಯ ಕೊಂಡಿ, ಈಗಾಗಲೇ ಇರುವ ಮೊಳೆಯ ತೂತು. ವಿದ್ಯುತ್ ಮತ್ತು ನೀರಿನ ಮೀಟರ್ ಅಂಕಿಯ ಫೋಟೋ. ಕೀಲಿ ಎಷ್ಟು, ಫ್ಯಾನು ಎಷ್ಟು, ಗೀಸರ್ ಯಾವ ಕಂಪನಿ ಎಂಬ ಪಟ್ಟಿ. ಅಂದೇ ಓನರಿಗೆ ಮೆಸೇಜಿನಲ್ಲಿ ಕಳಿಸಿ, "ಸಿಕ್ಕಿತು" ಎಂಬ ಉತ್ತರ ಪಡೆಯಿರಿ.

ಬಣ್ಣದ ಹೆಸರಿನಲ್ಲಿ ಪೂರ್ತಿ ಕಡಿತ ಮಾಡುವುದನ್ನು ಮೊದಲೇ ತಡೆಯಿರಿ. ಬಳಸಿದ ಸವೆತ ಬೇರೆ, ಹಾಳು ಮಾಡಿದ್ದು ಬೇರೆ ಎಂದು ಬರೆಸಿ. ಬಣ್ಣದ ಬಾಳಿಕೆ ನಾಲ್ಕು ವರ್ಷ ಎಂದು ಒಪ್ಪಿಕೊಂಡು ನೀವು ಎರಡು ವರ್ಷ ಇದ್ದರೆ, ಗೋಡೆ ನಿಮ್ಮಿಂದಲೇ ಕೆಟ್ಟಿದ್ದರೂ ಅರ್ಧ ಖರ್ಚಿಗಿಂತ ಹೆಚ್ಚು ಕೇಳುವುದು ನ್ಯಾಯವಲ್ಲ. ಅಡ್ವಾನ್ಸ್ ವಾಪಸು ಕೀಲಿ ಕೊಟ್ಟ ದಿನವೇ ಆಗಬೇಕು, ಕಡಿತವಿದ್ದರೆ ಬಿಲ್ ಸಮೇತ ಇಷ್ಟು ದಿನದೊಳಗೆ ಎಂದು ಅಂಕಿ ಹಾಕಿಸಿ. ಬಿಡುವ ಒಂದು ವಾರ ಮುಂಚೆ ಓನರನ್ನು ಕರೆದು ಮನೆ ತೋರಿಸಿದರೆ ಸಣ್ಣಪುಟ್ಟದ್ದನ್ನು ನೀವೇ ಅಗ್ಗದಲ್ಲಿ ಸರಿಪಡಿಸಬಹುದು.

ಇನ್ನು ಮೋಸದ ಮಾತು. ಮನೆ ತೋರಿಸದೆ ಹಣ ಕೇಳುವವರು, "ನಾನು ವಿದೇಶದಲ್ಲಿದ್ದೇನೆ, ಕೀಲಿ ಕೊರಿಯರ್ ಮಾಡುತ್ತೇನೆ" ಎನ್ನುವವರು, ಸುತ್ತಲಿನ ದರಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಹೇಳಿ ಇಂದೇ ಕಟ್ಟಿ ಎನ್ನುವವರು, ಇವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ. ಫೋಟೋವನ್ನು ಚಿತ್ರ ಹುಡುಕಾಟಕ್ಕೆ ಹಾಕಿದರೆ ಬೇರೆ ಊರಿನ ಮನೆ ಎಂದು ಬಹಳ ಸಲ ಗೊತ್ತಾಗುತ್ತದೆ. ಎದುರಿಗೆ ಸಿಕ್ಕ ವ್ಯಕ್ತಿಯೇ ಓನರೋ ಎಂಬುದಕ್ಕೆ ಅವರ ಗುರುತಿನ ಚೀಟಿ, ಮನೆಯ ತೆರಿಗೆ ರಸೀದಿ, ವಿದ್ಯುತ್ ಬಿಲ್ಲು ಮೂರರ ಹೆಸರು ಹೊಂದಿಸಿ ನೋಡಿ. ಹೆಸರು ಬೇರೆಯಾದರೆ ಓನರ್ ಕೊಟ್ಟ ಅಧಿಕಾರ ಪತ್ರ ಕೇಳಿ. ಹಣ ಹೋಗಬೇಕಾದ್ದು ಓನರ್ ಹೆಸರಿನ ಖಾತೆಗೇ.

ಹೊಸಿಲು

ಒಂದೇ ಒಂದು ಕೊನೆಯ ಪ್ರಶ್ನೆ. ಮೂರನೇ ಮನೆಯ ಓನರ್ "ಬೇರೆಯವರೂ ನೋಡಿ ಹೋಗಿದ್ದಾರೆ, ಇವತ್ತು ಟೋಕನ್ ಕೊಟ್ಟರೆ ನಿಮಗೇ ಇಡುತ್ತೇನೆ" ಎನ್ನುತ್ತಿದ್ದಾರೆ. ರಾತ್ರಿಯ ಹೊತ್ತು ಇನ್ನೂ ನೋಡಿಲ್ಲ. ಕೊಡಬಹುದೇ?

ಕರಾರು

ದಾಖಲೆ ಹೊಂದಿಸಿ ನೋಡಿದ್ದೀರಿ ಎಂದಾದರೆ ಕೊಡಬಹುದು, ಆದರೆ ಬಾಡಿಗೆಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ನಿಮ್ಮ ಲೆಕ್ಕದಲ್ಲಿ 2.7. ಬ್ಯಾಂಕಿನಿಂದಲೇ ಕಳಿಸಿ. ಕಳಿಸುವ ಮೊದಲು ಈ ಒಕ್ಕಣೆಯನ್ನು ಮೆಸೇಜ್ ಮಾಡಿ, ಅವರು "ಒಪ್ಪಿಗೆ" ಎಂದು ಬರೆದ ಮೇಲೆ ಹಣ ಹಾಕಿ:

"ಈ ಮೊತ್ತ ಮನೆಯ ಅಡ್ವಾನ್ಸಿನ ಭಾಗ. ಬಾಡಿಗೆ 27, ಮೆಂಟೆನೆನ್ಸ್ 2, ಅಡ್ವಾನ್ಸ್ 4 ತಿಂಗಳು, ಏರಿಕೆ ವರ್ಷಕ್ಕೆ ಶೇ 5. ಐದು ದಿನದೊಳಗೆ ಅಗ್ರಿಮೆಂಟ್ ಒಪ್ಪಿಗೆಯಾಗದಿದ್ದರೆ ಯಾವ ಕಡಿತವೂ ಇಲ್ಲದೆ ವಾಪಸು. ಅಲ್ಲಿಯವರೆಗೆ ಬೇರೆಯವರಿಗೆ ಕೊಡುವುದಿಲ್ಲ."

ಐದು ದಿನ ಸಿಕ್ಕಿತಲ್ಲ, ಅದರಲ್ಲಿ ಒಂದು ರಾತ್ರಿ 8ಕ್ಕೆ ಹೋಗಿ ಬನ್ನಿ.